ಚಿಕ್ಕ ಮನೆಗೆ ಎಂಥ ಫರ್ನಿಚರ್? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ 20×30 ಸೈಟು ಎಂದರೆ 600 ಚದರಡಿ. ಗೋಡೆ, ಮೆಟ್ಟಿಲು, ಗಾಡಿ ನಿಲ್ಲಿಸುವ ಜಾಗ ಎಲ್ಲ ಕಳೆದರೆ ಹಾಲ್‌ಗೆ ಉಳಿಯುವುದು ಸಾಮಾನ್ಯವಾಗಿ 10×12 ಅಡಿ ಆಸುಪಾಸು. ಬೆಡ್‌ರೂಮು 10×10. ಮಹಡಿಯ ಮೇಲಿನ ಬಾಡಿಗೆ ಮನೆಗಳಲ್ಲಿ ಇನ್ನೂ ಕಡಿಮೆ. ಇಂಥ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಲ್ಲಿನ ಉತ್ತರಗಳನ್ನು ಬರೆದಿದ್ದೇನೆ. ನನ್ನ ನಂಬಿಕೆ ಒಂದೇ: ಚಿಕ್ಕ ಮನೆಯಲ್ಲಿ ನಾವು ಕಾಪಾಡಿಕೊಳ್ಳಬೇಕಾದದ್ದು ಖಾಲಿ ನೆಲ. ಅಂಗಡಿಯಲ್ಲಿ ನಿಂತಾಗ ವಸ್ತು ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ಅದು ಬಂದ ಮೇಲೆ ಎಷ್ಟು ನೆಲ ಉಳಿಯುತ್ತದೆ ಅನ್ನುವುದನ್ನು ಮೊದಲು ಲೆಕ್ಕ ಹಾಕಬೇಕು.

ಅಂಗಡಿಗೆ ಹೋಗುವ ಮೊದಲು ಏನು ಮಾಡಬೇಕು?

ಅಳತೆ. ಕೋಣೆಯ ಉದ್ದ ಅಗಲ ಮಾತ್ರ ಸಾಲದು. ಬಾಗಿಲು ತೆರೆದಾಗ ಎಲ್ಲಿಯವರೆಗೆ ಬರುತ್ತದೆ, ಕಿಟಕಿಯ ಕೆಳಗಿನ ಅಂಚು ನೆಲದಿಂದ ಎಷ್ಟು ಎತ್ತರ, ಸ್ವಿಚ್ ಬೋರ್ಡು ಎಲ್ಲಿದೆ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬೀರು ತಂದು ನಿಲ್ಲಿಸಿದ ಮೇಲೆ ಫ್ಯಾನಿನ ಸ್ವಿಚ್ಚು ಅದರ ಹಿಂದೆ ಸೇರಿಕೊಂಡ ಮನೆಗಳು ಬೇಕಾದಷ್ಟಿವೆ.

ಆಮೇಲೆ ಹಳೆಯ ಪೇಪರ್ ತೆಗೆದುಕೊಳ್ಳಿ. ಕೊಳ್ಳಬೇಕೆಂದಿರುವ ಸೋಫಾ ಅಥವಾ ಮಂಚದ ಅಳತೆಗೆ ಸರಿಯಾಗಿ ಪೇಪರ್ ಹಾಳೆಗಳನ್ನು ನೆಲದ ಮೇಲೆ ಹಾಸಿ ಟೇಪು ಅಂಟಿಸಿ. ಎರಡು ಮೂರು ದಿನ ಹಾಗೇ ಬಿಡಿ. ಅದನ್ನು ತುಳಿಯದೆ ಓಡಾಡಲು ನೋಡಿ. ಅಡುಗೆಮನೆಯಿಂದ ಬಿಸಿ ಪಾತ್ರೆ ಹಿಡಿದು ಬರುವಾಗ, ಮಕ್ಕಳು ಓಡುವಾಗ, ರಾತ್ರಿ ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಕಾಲು ಪೇಪರಿನ ಮೇಲೆ ಬಿತ್ತೆಂದರೆ ಆ ಅಳತೆ ನಿಮ್ಮ ಮನೆಗೆ ದೊಡ್ಡದು. ಒಬ್ಬರು ಸಲೀಸಾಗಿ ಓಡಾಡುವ ದಾರಿಗೆ ಎರಡೂವರೆ ಅಡಿ ಬೇಕು. ಮಂಚದ ಪಕ್ಕದಲ್ಲಿ ಎರಡು ಅಡಿಯಾದರೂ ಇರಲಿ.

ಇನ್ನೊಂದು ಅಳತೆಯನ್ನು ತುಂಬಾ ಜನ ಮರೆಯುತ್ತಾರೆ: ಮೆಟ್ಟಿಲು. 20×30 ಮನೆಗಳಲ್ಲಿ ಮೆಟ್ಟಿಲು ಹೆಚ್ಚಾಗಿ ಮೂರಡಿ ಅಗಲ ಇರುತ್ತದೆ. ತಿರುವಿನಲ್ಲಿ ಕಂಬಿ ಬೇರೆ ಅಡ್ಡ. ಏಳು ಅಡಿ ಉದ್ದದ ಸೋಫಾ ಆ ತಿರುವಿನಲ್ಲಿ ತಿರುಗದೆ ಹೋದರೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಯಬೇಕಾಗುತ್ತದೆ. ಬಿಚ್ಚಿ ಜೋಡಿಸುವ ಮಾದರಿ ಇದೆಯಾ ಅಂತ ಅಂಗಡಿಯಲ್ಲೇ ಕೇಳಿ.

ಹಾಲ್‌ಗೆ ಎಲ್ ಆಕಾರದ ಸೋಫಾ ಹಾಕಬಹುದಾ?

10×12 ಹಾಲ್ ಎಂದರೆ 120 ಚದರಡಿ. ಸಾಮಾನ್ಯ ಎಲ್ ಸೋಫಾ ಒಂದು ಕಡೆ ಎಂಟು ಅಡಿ, ಇನ್ನೊಂದು ಕಡೆ ಆರು ಅಡಿ, ಆಳ ಮೂರಡಿಯ ಹತ್ತಿರ. ಅದೊಂದೇ 30 ಚದರಡಿ ಮೀರುತ್ತದೆ. ಅಂದರೆ ಹಾಲಿನ ಕಾಲು ಭಾಗ ಹೋಯಿತು. ಅದರ ಮುಂದೆ ಟೀಪಾಯಿ ಇಟ್ಟರೆ ನಡುಮಧ್ಯದ ಜಾಗವೂ ಹೋಯಿತು. ಮೂಲೆಯಲ್ಲಿ ಕೂತವರಿಗೆ ಕಾಲು ಇಡಲು ಜಾಗವಿಲ್ಲ, ಹಾಗಾಗಿ ಆ ಮೂಲೆಯಲ್ಲಿ ಯಾರೂ ಕೂರುವುದೂ ಇಲ್ಲ.

ನಾನು ಹೇಳುವುದು: ಎರಡು ಜನ ಕೂರುವ ಸೋಫಾ ಒಂದು, ಅದರ ಎದುರಿಗೋ ಪಕ್ಕಕ್ಕೋ ಒಂದು ದಿವಾನ. ಸೋಫಾ ಐದಡಿ ಉದ್ದ, ಎರಡೂವರೆ ಅಡಿ ಆಳ ಇದ್ದರೆ ಹನ್ನೆರಡೂವರೆ ಚದರಡಿ. ದಿವಾನ ಆರು ಅಡಿಗೆ ಮೂರಡಿ, ಹದಿನೆಂಟು ಚದರಡಿ. ಕೂಡಿದರೆ ಎಲ್ ಸೋಫಾದಷ್ಟೇ ಜಾಗ, ನಿಜ. ಆದರೆ ದಿವಾನದ ಮೇಲೆ ಮೂರು ಜನ ಕೂರಬಹುದು, ಮಧ್ಯಾಹ್ನ ಅಜ್ಜ ಮಲಗಬಹುದು, ಊರಿಂದ ಬಂದವರಿಗೆ ರಾತ್ರಿಯ ಹಾಸಿಗೆ ಆಗುತ್ತದೆ, ಒಳಗೆ ಕಂಬಳಿ ದಿಂಬು ತುಂಬಬಹುದು. ಮನೆ ಬದಲಾಯಿಸಿದಾಗ ಎರಡನ್ನೂ ಬೇರೆ ಬೇರೆ ಗೋಡೆಗೆ ಹಾಕಬಹುದು. ಎಲ್ ಸೋಫಾಗೆ ಹೊಸ ಮನೆಯಲ್ಲೂ ಅದೇ ಬದಿಯ ಮೂಲೆ ಬೇಕು, ಎಡದ್ದಾದರೆ ಎಡ, ಬಲದ್ದಾದರೆ ಬಲ.

ಸೋಫಾ ಕೊಳ್ಳುವಾಗ ಕೈಗಳನ್ನು ನೋಡಿ. ಒಂದೊಂದು ಕೈ ಹತ್ತು ಇಂಚು ದಪ್ಪ ಇರುತ್ತದೆ. ಎರಡೂ ಸೇರಿ ಇಪ್ಪತ್ತು ಇಂಚು, ಇನ್ನೊಬ್ಬರು ಕೂರುವ ಜಾಗ ಹತ್ತಿ ತುಂಬಿದ ಕೈಗೆ ಹೋಗುತ್ತದೆ. ತೆಳ್ಳನೆ ಮರದ ಕೈ ಇರುವುದನ್ನು ಆರಿಸಿ. ಬೆನ್ನು ತಗ್ಗಾಗಿದ್ದರೆ ಹಿಂದಿನ ಗೋಡೆ ಕಾಣುತ್ತದೆ, ಹಾಲ್ ಎತ್ತರವಾಗಿ ಅನ್ನಿಸುತ್ತದೆ. ಆದರೆ ಕೂರುವ ಎತ್ತರ ಮಾತ್ರ ತಗ್ಗಬಾರದು. ಮನೆಯಲ್ಲಿ ಮಂಡಿ ನೋವಿನ ಹಿರಿಯರಿದ್ದರೆ ನೆಲದಿಂದ 18 ಇಂಚು ಬೇಕೇ ಬೇಕು. ಮೆತ್ತನೆ ತಗ್ಗು ಸೋಫಾದಿಂದ ಅವರು ಏಳಲು ಒದ್ದಾಡುತ್ತಾರೆ.

ಟೀಪಾಯಿ ಬೇಕಾ?

ಬೇಡ. ಒಂದರೊಳಗೊಂದು ಸೇರುವ ಎರಡು ಪುಟ್ಟ ಸ್ಟೂಲು ಸಾಕು. ಕಾಫಿ ಲೋಟಕ್ಕೂ ಆಯಿತು, ಜನ ಜಾಸ್ತಿ ಬಂದರೆ ಕೂರಲೂ ಆಯಿತು.

ಕಾಲಿರುವ ಫರ್ನಿಚರ್ ಒಳ್ಳೆಯದಾ, ನೆಲಕ್ಕೆ ಕೂತಿರುವುದಾ?

ಇದು ಚಿಕ್ಕ ಮನೆಯ ನಿಜವಾದ ಇಕ್ಕಟ್ಟು. ಕಾಲಿರುವ ಸೋಫಾ ಕೆಳಗೆ ಗೋಡೆಯವರೆಗೂ ನೆಲ ಕಾಣುತ್ತದೆ. ಕಣ್ಣು ಅಲ್ಲಿಯವರೆಗೂ ಹೋಗುತ್ತದೆ, ಕೋಣೆ ದೊಡ್ಡದೆನಿಸುತ್ತದೆ. ಆದರೆ ಬಾಕ್ಸ್ ಇರುವುದಾದರೆ ಸಾಮಾನು ತುಂಬಬಹುದು. ಸಾಮಾನು ಹೊರಗೆ ಬಿದ್ದಿದ್ದರೆ ಕಾಲಿನ ಅಂದ ಏನು ಪ್ರಯೋಜನ, ಅಲ್ವಾ?

ಜಾಗ ನೋಡಿ ಹಂಚಿಕೊಳ್ಳುವುದು ಒಳ್ಳೆಯದು. ಹೊರಗಿನವರು ಬಂದು ಕೂರುವ ಹಾಲಿನಲ್ಲಿ ಬಾಗಿಲು ತೆರೆದೊಡನೆ ಎದುರಿಗೆ ಕಾಣುವ ವಸ್ತುವಿಗೆ ಕಾಲಿರಲಿ. ಬಾಗಿಲ ಪಕ್ಕದ, ಕಣ್ಣಿಗೆ ಬೀಳದ ದಿವಾನ ಬಾಕ್ಸ್ ಆಗಿರಲಿ. ಬೆಡ್‌ರೂಮಿನ ಮಂಚವೂ ಬಾಕ್ಸ್ ಆಗಿರಲಿ. ಕಾಲು ಇಟ್ಟರೆ ಆರು ಇಂಚಾದರೂ ಎತ್ತರ ಇರಬೇಕು. ಪೊರಕೆ, ನೆಲ ಒರೆಸುವ ಕೋಲು ಒಳಗೆ ಹೋಗಬೇಕು. ಎರಡು ಮೂರು ಇಂಚಿನ ಕಾಲು ಎಲ್ಲಕ್ಕಿಂತ ಕೆಟ್ಟದ್ದು: ನೆಲ ಕಾಣುವುದಿಲ್ಲ, ಧೂಳು ಮಾತ್ರ ಸೇರುತ್ತದೆ, ಜಿರಳೆ ಗೂಡು ಕಟ್ಟುತ್ತದೆ.

10×10 ಬೆಡ್‌ರೂಮಿಗೆ ಯಾವ ಅಳತೆಯ ಮಂಚ?

ನಮ್ಮಲ್ಲಿ ಸಿಗುವ ಹಾಸಿಗೆಗಳ ಅಗಲ ಹೀಗಿದೆ: ಸಿಂಗಲ್ ಮೂರಡಿ, ಡಬಲ್ ನಾಲ್ಕಡಿ, ಕ್ವೀನ್ ಐದಡಿ, ಕಿಂಗ್ ಆರಡಿ. ಉದ್ದ 72, 75 ಅಥವಾ 78 ಇಂಚು.

ಈಗ ಲೆಕ್ಕ ಮಾಡಿ. ಹತ್ತಡಿ ಅಗಲದ ಕೋಣೆ. ಒಂದು ಗೋಡೆಗೆ ವಾರ್ಡ್‌ರೋಬ್, ಎರಡು ಅಡಿ ಆಳ. ಉಳಿದದ್ದು ಎಂಟು. ಆರಡಿಯ ಕಿಂಗ್ ಮಂಚ ಹಾಕಿದರೆ ಉಳಿಯುವುದು ಎರಡೇ ಅಡಿ. ವಾರ್ಡ್‌ರೋಬಿನ ಬಾಗಿಲು ಒಂದೂವರೆ ಅಡಿ ಹೊರಗೆ ಬರುತ್ತದೆ. ಬಾಗಿಲು ತೆಗೆದಾಗ ನೀವು ಮಂಚದ ಮೇಲೆ ನಿಲ್ಲಬೇಕು! ಕ್ವೀನ್ ಹಾಕಿ, ಒಂದು ಬದಿ ಗೋಡೆಗೆ ತಾಗಿಸಿದರೆ ಮೂರಡಿ ದಾರಿ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೇ ಮಲಗುವ ಕೋಣೆಗೆ ಇದು ಸರಿ. ಗೋಡೆ ಕಡೆ ಮಲಗುವವರಿಗೆ ರಾತ್ರಿ ಏಳಬೇಕಾದರೆ ಸ್ವಲ್ಪ ಕಷ್ಟ, ಅದನ್ನು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ.

ಮಗು ಜೊತೆಗೇ ಮಲಗುತ್ತದೆ, ಕಿಂಗ್ ಬೇಕೇ ಬೇಕು ಅನ್ನುವವರು ಬಹಳ. ಅವರಿಗೆ ನನ್ನ ಸಲಹೆ ಎರಡು ಸಿಂಗಲ್ ಮಂಚ. ಎರಡನ್ನೂ ಒತ್ತಿಟ್ಟರೆ ಆರಡಿ. ಮಗು ದೊಡ್ಡದಾದ ಮೇಲೆ ಒಂದನ್ನು ಹಾಲಿಗೆ ತಂದು ದಿವಾನ ಮಾಡಿಕೊಳ್ಳಬಹುದು. ಮೆಟ್ಟಿಲು ಹತ್ತಿಸುವುದೂ ಸುಲಭ. ಎತ್ತರ ಮಾತ್ರ ಎರಡಕ್ಕೂ ಒಂದೇ ಇರಲಿ, ಕಾಲುಗಳನ್ನು ಒಂದು ಪಟ್ಟಿಯಿಂದ ಜೋಡಿಸಿ, ಇಲ್ಲದಿದ್ದರೆ ನಡುವೆ ಸಂದು ಬಿಡುತ್ತದೆ.

ತಲೆಯ ಕಡೆಯ ಹಲಗೆಗೆ ದಪ್ಪ ಕುಶನ್ ಹಾಕಿಸಬೇಡಿ. ಅದೊಂದೇ ನಾಲ್ಕೈದು ಇಂಚು ತಿನ್ನುತ್ತದೆ. ಪಕ್ಕದ ಟೇಬಲ್ ಬದಲು ಗೋಡೆಗೆ ಒಂದು ಪುಟ್ಟ ಹಲಗೆ ಹೊಡೆಸಿ. ಮೊಬೈಲು, ಕನ್ನಡಕ, ನೀರಿನ ಲೋಟಕ್ಕೆ ಅಷ್ಟು ಸಾಕು.

ಬಾಕ್ಸ್ ಮಂಚದಲ್ಲಿ ಹೈಡ್ರಾಲಿಕ್ ಒಳ್ಳೆಯದಾ, ಡ್ರಾಯರ್ ಒಳ್ಳೆಯದಾ?

ಡ್ರಾಯರ್ ಎಳೆಯಲು ಮಂಚದ ಪಕ್ಕ ಎರಡಡಿ ಖಾಲಿ ಬೇಕು. ಚಿಕ್ಕ ಕೋಣೆಯಲ್ಲಿ ಅದು ಸಿಗುವುದು ಕಷ್ಟ. ಹಲಗೆ ಎತ್ತುವ ಬಾಕ್ಸ್ ಅಗ್ಗ, ಆದರೆ ಹಾಸಿಗೆ ಮಡಚಿ ಸರಿಸಬೇಕು. ಹೈಡ್ರಾಲಿಕ್ ಆದರೆ ಹಾಸಿಗೆ ಸಮೇತ ಮೇಲೇಳುತ್ತದೆ. ದುಡ್ಡು ಹೊಂದುವುದಾದರೆ ಹೈಡ್ರಾಲಿಕ್ ತೆಗೆದುಕೊಳ್ಳಿ. ಎತ್ತುವ ಕಡೆಗೆ ಬೇಕಾದ ಜಾಗವನ್ನು ಅಳೆದುಕೊಳ್ಳಿ, ಮೇಲಿನ ಫ್ಯಾನನ್ನೂ ನೋಡಿಕೊಳ್ಳಿ. ಮಕ್ಕಳು ಅದನ್ನು ಎತ್ತಿ ಆಡದಂತೆ ಎಚ್ಚರ ಇರಲಿ, ಕೈ ಸಿಕ್ಕಿಕೊಳ್ಳುತ್ತದೆ.

ವರ್ಷಕ್ಕೊಮ್ಮೆ ಬಳಸುವ ಸಾಮಾನು ಮಾತ್ರ ಇದರಲ್ಲಿ ಇರಲಿ: ಹೆಚ್ಚಿನ ಹಾಸಿಗೆ, ಕಂಬಳಿ, ಗೊಂಬೆ ಹಬ್ಬದ ಪೆಟ್ಟಿಗೆ, ಮದುವೆಗೆ ಬಂದ ಪಾತ್ರೆ. ದಿನಾ ಬೇಕಾದ್ದನ್ನು ಅಲ್ಲಿಟ್ಟರೆ ಅದು ತೆಗೆದ ಮೇಲೆ ಹೊರಗೇ ಉಳಿಯುತ್ತದೆ.

ವಾರ್ಡ್‌ರೋಬಿಗೆ ಜಾರುವ ಬಾಗಿಲಾ, ತೆರೆಯುವ ಬಾಗಿಲಾ?

ಮುಂದೆ ಎರಡಡಿಗಿಂತ ಕಡಿಮೆ ಜಾಗ ಇದ್ದರೆ ಜಾರುವ ಬಾಗಿಲು. ಅದಕ್ಕೆ ಎರಡು ಮೂರು ಇಂಚು ಜಾಸ್ತಿ ಆಳ ಬೇಕು, ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತದೆ. ಜಾಗ ಇದ್ದರೆ ತೆರೆಯುವ ಬಾಗಿಲೇ ವಾಸಿ. ಕೆಟ್ಟರೆ ಹಿಂಜ್ ಬದಲಾಯಿಸಿದರೆ ಮುಗಿಯಿತು, ಯಾವ ಊರಿನ ಬಡಗಿಯೂ ಮಾಡಿಕೊಡುತ್ತಾರೆ.

ಎತ್ತರದ ಬಗ್ಗೆ ಮಾತ್ರ ರಾಜಿ ಬೇಡ. ಸೀಲಿಂಗ್‌ವರೆಗೂ ಮಾಡಿಸಿ. ಆರೂವರೆ ಅಡಿಗೆ ನಿಲ್ಲಿಸಿದರೆ ಅದರ ನೆತ್ತಿಯ ಮೇಲೆ ಸೂಟ್‌ಕೇಸು, ರಟ್ಟಿನ ಡಬ್ಬ, ಹಳೆಯ ಮಿಕ್ಸಿ ಎಲ್ಲ ಹತ್ತಿ ಕೂರುತ್ತವೆ. ಕೋಣೆ ಇಕ್ಕಟ್ಟಾಗಿ ಕಾಣುವುದು ಮುಖ್ಯವಾಗಿ ಅದರಿಂದಲೇ. ಬಾಗಿಲಿನ ಬಣ್ಣ ಗೋಡೆಯ ಬಣ್ಣಕ್ಕೆ ಹತ್ತಿರ ಇದ್ದರೆ ಅಷ್ಟು ದೊಡ್ಡ ವಾರ್ಡ್‌ರೋಬೂ ಗೋಡೆಯಲ್ಲಿ ಬೆರೆತುಹೋಗುತ್ತದೆ. ಒಳಗಿನ ಆಳ 22 ಇಂಚಿಗಿಂತ ಕಡಿಮೆ ಮಾಡಿದರೆ ಹ್ಯಾಂಗರ್ ಬಾಗಿಲಿಗೆ ತಗುಲುತ್ತದೆ. ಸೀರೆಗಳನ್ನು ಮಡಚಿ ಇಡುವವರಿಗೆ 18 ಇಂಚೂ ನಡೆಯುತ್ತದೆ, ಅಲ್ಲಿ ನಾಲ್ಕು ಇಂಚು ನೆಲ ಉಳಿಯಿತು.

ಎತ್ತರದ ಬೀರು, ಪುಸ್ತಕದ ಕಪಾಟುಗಳನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಸಿ. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತುತ್ತಾರೆ. ಆಗ ಕಪಾಟು ಮುಂದಕ್ಕೆ ಬೀಳುತ್ತದೆ. ಇದನ್ನು ನಾಳೆ ಮಾಡೋಣ ಅಂತ ಬಿಡಬೇಡಿ.

ಸೋಫಾ ಕಮ್ ಬೆಡ್ ತೆಗೆದುಕೊಳ್ಳಬಹುದಾ?

ಅಪರೂಪಕ್ಕೆ ನೆಂಟರು ಬರುವ ಮನೆಗೆ ಸರಿ. ದಿನಾ ರಾತ್ರಿ ಮಲಗಲು ಅದನ್ನೇ ನಂಬುವುದಾದರೆ ಯೋಚನೆ ಮಾಡಿ. ಹೆಚ್ಚಿನವು ಕೂರಲೂ ಪೂರ್ತಿ ಹಿತವಲ್ಲ, ಮಲಗಲೂ ಅಲ್ಲ. ನಡುವಿನ ಜೋಡಣೆ ಬೆನ್ನಿಗೆ ಒತ್ತುತ್ತದೆ. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಮಲಗಿ ನೋಡಿ. ಬಿಚ್ಚಿ ಮಡಚಿ ನಾಲ್ಕು ಸಲ ಮಾಡಿ ನೋಡಿ, ಅದೂ ಮನೆಯಲ್ಲಿ ದಿನಾ ಆ ಕೆಲಸ ಮಾಡುವವರೇ ಮಾಡಲಿ. ಭಾರವಾಗಿದ್ದರೆ ಒಂದು ತಿಂಗಳಲ್ಲಿ ಅದು ಬರೀ ಹಾಸಿಗೆಯಾಗಿ ಉಳಿದುಬಿಡುತ್ತದೆ.

ಡೈನಿಂಗ್ ಟೇಬಲ್ ಇಲ್ಲದಿದ್ದರೆ ನಡೆಯುತ್ತದಾ?

ನೆಲದ ಮೇಲೆ ಕೂತು ಊಟ ಮಾಡುವ ಅಭ್ಯಾಸ ಇರುವ ಮನೆಗೆ ಟೇಬಲ್ ತರಬೇಕಾದ ಒತ್ತಾಯ ಏನೂ ಇಲ್ಲ. ತುಂಬಾ ಮನೆಗಳಲ್ಲಿ ಡೈನಿಂಗ್ ಟೇಬಲ್ ಮೇಲೆ ಊಟಕ್ಕಿಂತ ಜಾಸ್ತಿ ಇರುವುದು ಒಗೆದ ಬಟ್ಟೆ, ಹೆಲ್ಮೆಟ್ಟು, ಕರೆಂಟ್ ಬಿಲ್ಲು. ಆದರೆ ಕೆಳಗೆ ಕೂರಲಾಗದವರು ಒಬ್ಬರಿದ್ದರೂ ಟೇಬಲ್ ಬೇಕು.

ಒಬ್ಬರಿಗೆ ತಟ್ಟೆ, ಲೋಟ ಇಟ್ಟು ಉಣ್ಣಲು ಎರಡಡಿ ಅಗಲ ಬೇಕು. ಮೂರಡಿ ಅಡ್ಡಗಲದ ದುಂಡು ಟೇಬಲ್‌ನಲ್ಲಿ ನಾಲ್ವರು ಕೂರಬಹುದು. ಮೂಲೆ ಇಲ್ಲದ್ದರಿಂದ ಸೊಂಟಕ್ಕೆ ತಗುಲುವುದಿಲ್ಲ, ಒಂದೇ ಕಂಬದ ಕಾಲಿದ್ದರೆ ಇನ್ನೂ ಒಳ್ಳೆಯದು. ಗೋಡೆಗೆ ಒತ್ತಿಡಬೇಕಾದ ಮನೆಗೆ ರೆಕ್ಕೆ ಮಡಚುವ ಟೇಬಲ್ ಇರಲಿ. ಟೇಬಲ್ ಎತ್ತರ 30 ಇಂಚು, ಕುರ್ಚಿ 18 ಇಂಚು. ಕುರ್ಚಿಗಳಿಗೆ ಬದಲು ಬೆಂಚು ಹಾಕಿದರೆ ಊಟ ಆದ ಮೇಲೆ ಪೂರ್ತಿ ಟೇಬಲ್ ಕೆಳಗೆ ತಳ್ಳಬಹುದು.

ಗೋಡೆಗೆ ಮಡಚುವ ಟೇಬಲ್ ಹಾಕಿಸುವವರು ಗೋಡೆ ಯಾವುದೆಂದು ನೋಡಿ. ನಾಲ್ಕು ಇಂಚಿನ ಬ್ಲಾಕ್ ಗೋಡೆಗೆ ಬರೀ ಪ್ಲಾಸ್ಟಿಕ್ ಗಟ್ಟಾ, ಸ್ಕ್ರೂ ಹೊಡೆದರೆ ಭಾರಕ್ಕೆ ಕಿತ್ತು ಬರುತ್ತದೆ. ಕೆಲಸದವರಿಗೆ ಆಂಕರ್ ಬೋಲ್ಟ್ ಹಾಕಲು ಹೇಳಿ.

ಹಬ್ಬಕ್ಕೆ, ನೆಂಟರಿಗೆ ಜಾಗ ಎಲ್ಲಿಂದ ತರುವುದು?

ಇದು ನನಗೆ ಬಹಳ ಮುಖ್ಯ ಅನ್ನಿಸುವ ಪ್ರಶ್ನೆ. ವಿದೇಶಿ ಫೋಟೊ ನೋಡಿ ಮನೆ ಜೋಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನಮ್ಮ ಮನೆಗೆ ವರಮಹಾಲಕ್ಷ್ಮಿ ಕೂರಿಸಲು ಒಂದು ಗೋಡೆ ಬೇಕು. ಗೌರಿ ಗಣೇಶ ಬರುತ್ತಾರೆ. ದಸರಾಕ್ಕೆ ಗೊಂಬೆ ಕೂರಿಸುವವರಿಗೆ ಐದೋ ಏಳೋ ಮೆಟ್ಟಿಲು ಆಗಬೇಕು. ಅರಿಶಿನ ಕುಂಕುಮಕ್ಕೆ ಬಂದವರು ಕೂರಬೇಕು.

ಹಾಗಾಗಿ ಹಾಲಿನ ಒಂದು ಗೋಡೆಯ ಮುಂದೆ ಒಬ್ಬರೇ ಸರಿಸಬಹುದಾದ ಹಗುರ ವಸ್ತು ಮಾತ್ರ ಇಡಿ. ಬೆತ್ತದ ಕುರ್ಚಿ, ಸ್ಟೂಲು, ಚಕ್ರದ ಪುಟ್ಟ ಕಪಾಟು ಇಂಥವು. ಹಬ್ಬದ ಹಿಂದಿನ ದಿನ ಅವನ್ನು ಸರಿಸಿದರೆ ಗೋಡೆ ಸಿದ್ಧ. ಒಂದೇ ಅಗಲದ, ಬೇರೆ ಬೇರೆ ಎತ್ತರದ ಮರದ ಪೆಟ್ಟಿಗೆಗಳನ್ನು ಮಾಡಿಸಿಕೊಂಡರೆ ವರ್ಷವಿಡೀ ಅವು ಚಪ್ಪಲಿ, ಪುಸ್ತಕ ಇಡುವ ಜಾಗ. ದಸರಾದಲ್ಲಿ ಬಿಳಿ ಪಂಚೆ ಹಾಸಿದರೆ ಗೊಂಬೆ ಮೆಟ್ಟಿಲು. ಚಪ್ಪಲಿ ಇಟ್ಟದ್ದರ ಮೇಲೆ ದೇವರನ್ನು ಇಡಲು ಮನಸ್ಸು ಒಪ್ಪದವರು ಪುಸ್ತಕ, ಆಟದ ಸಾಮಾನಿಗೆ ಮಾತ್ರ ಬಳಸಿ.

ಕೂರುವುದಕ್ಕೆ ನಮ್ಮ ಹಿರಿಯರ ದಾರಿ ಇಂದಿಗೂ ಒಳ್ಳೆಯದೇ: ಚಾಪೆ, ಜಮಖಾನ. ಒಂದು ನವಲಗುಂದದ ಜಮಖಾನ ಹಾಸಿದರೆ ಎಂಟು ಜನ ಕೂರುತ್ತಾರೆ. ಸುತ್ತಿ ನಿಲ್ಲಿಸಿದರೆ ಬಾಗಿಲ ಹಿಂದೆ ಅಡಗುತ್ತದೆ. ಮಡಚುವ ಕುರ್ಚಿ ನಾಲ್ಕು ಇರಲಿ, ಹಿರಿಯರಿಗೆ.

ಬಣ್ಣ, ಕನ್ನಡಿ, ಗಾಜಿನಿಂದ ನಿಜವಾಗಿಯೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ, ಆದರೆ ಸಾಮಾನು ಕಡಿಮೆ ಮಾಡುವುದಕ್ಕೆ ಇದು ಬದಲಿ ಅಲ್ಲ. ಕನ್ನಡಿಯನ್ನು ಕಿಟಕಿಗೆ ಎದುರಿಗೋ ಪಕ್ಕದ ಗೋಡೆಗೋ ಹಾಕಿದರೆ ಬೆಳಕು ಎರಡು ಪಟ್ಟಾದಂತೆ ಕಾಣುತ್ತದೆ. ಎದುರಿಗೆ ಬಟ್ಟೆ ರಾಶಿ ಇದ್ದರೆ ಅದೂ ಎರಡು ಪಟ್ಟು! ಪಕ್ಕದ ಮನೆ ಗೋಡೆ ಮೂರಡಿ ದೂರದಲ್ಲಿರುವ ಮನೆಗಳಿಗೆ ಕನ್ನಡಿಯಿಂದ ತುಂಬಾ ಉಪಯೋಗ.

ಕಪ್ಪು ಕಂದು ಬಣ್ಣದ ಪಾಲಿಷ್ ಒಂದು ವಸ್ತುವಿಗೆ ಚೆಂದ. ಸೋಫಾ, ಟಿವಿ ಯೂನಿಟ್, ಮಂಚ ಎಲ್ಲಕ್ಕೂ ಬೇಡ. ತೇಗ, ಬೀಟೆಗಿಂತ ತಿಳಿ ಬಣ್ಣದ ಹಲಸು, ರಬ್ಬರ್ ಮರ ಚಿಕ್ಕ ಕೋಣೆಗೆ ಹೊಂದುತ್ತವೆ. ಹೊಳೆಯುವ ಲ್ಯಾಮಿನೇಟ್ ಬೆಳಕು ಕೊಡುತ್ತದೆ ನಿಜ, ಕೈ ಗುರುತೂ ಅಷ್ಟೇ ಬೇಗ ಕೂರುತ್ತದೆ. ಗಾಜಿನ ಟೇಬಲ್ ಜಾಗ ತುಂಬಿದಂತೆ ಕಾಣುವುದಿಲ್ಲ, ಆದರೆ ಪುಟ್ಟ ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ. ಪರದೆಯನ್ನು ಕಿಟಕಿಯ ಮೇಲಂಚಿನಿಂದ ಅಲ್ಲ, ಸೀಲಿಂಗ್ ಹತ್ತಿರದಿಂದ ನೆಲದವರೆಗೆ ಇಳಿಬಿಡಿ.

ಟಿವಿ ಶೋಕೇಸ್?

ಗೋಡೆ ತುಂಬುವ ಶೋಕೇಸ್ ಬಿಡಿ. ಟಿವಿ ಗೋಡೆಗೆ, ಅದರ ಕೆಳಗೆ ನೆಲ ಮುಟ್ಟದ ಒಂದು ತೆಳು ಕಪಾಟು, ಆಳ ಒಂದಡಿ ಸಾಕು.

ಬಾಡಿಗೆ ಮನೆಗೆ ಕಾರ್ಪೆಂಟರ್ ಕೈಲಿ ಮಾಡಿಸುವುದಾ, ರೆಡಿಮೇಡಾ?

ಗೋಡೆಗೆ ಅಂಟಿಕೊಂಡ ಕೆಲಸ ಬಾಡಿಗೆ ಮನೆಗೆ ಬೇಡ. ಮನೆ ಬಿಡುವಾಗ ಅದು ಓನರ್ ಪಾಲು. ಬಿಚ್ಚಿ ಜೋಡಿಸುವಂಥದ್ದು ತೆಗೆದುಕೊಳ್ಳಿ. ಆದರೆ ಪಾರ್ಟಿಕಲ್ ಬೋರ್ಡ್ (ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ) ಫರ್ನಿಚರನ್ನು ಎರಡು ಮೂರು ಸಲ ಬಿಚ್ಚಿದರೆ ಸ್ಕ್ರೂ ಹಿಡಿಯುವುದಿಲ್ಲ, ನೀರು ತಗುಲಿದರೆ ಉಬ್ಬುತ್ತದೆ. ಆಗಾಗ ಮನೆ ಬದಲಾಯಿಸುವವರಿಗೆ ಕಬ್ಬಿಣದ ಚೌಕಟ್ಟು ಅಥವಾ ಗಟ್ಟಿ ಮರದ್ದು ಬಾಳುತ್ತದೆ.

ಸ್ವಂತ ಮನೆಗೆ ಮಾಡಿಸುವುದಾದರೆ ಅಳತೆಗೆ ತಕ್ಕಂತೆ ಮಾಡಿಸುವುದೇ ಲಾಭ. ಅಂಗಡಿಯ ಅಳತೆ ನಿಮ್ಮ ಮೂಲೆಗೆ ಕೂರುವುದಿಲ್ಲ, ಅರ್ಧ ಅಡಿ ಸುಮ್ನೆ ವ್ಯರ್ಥವಾಗುತ್ತದೆ. ಪ್ಲೈವುಡ್ ಹಾಳೆ ಎಂಟಡಿಗೆ ನಾಲ್ಕಡಿ ಬರುತ್ತದೆ. ಕಾರ್ಪೆಂಟರ್ ಜೊತೆ ಕೂತು ಅದರಲ್ಲಿ ಕಡಿಮೆ ತುಂಡು ಉಳಿಯುವಂತೆ ಅಳತೆ ಹೊಂದಿಸಿ. ಚೌಕಟ್ಟಿಗೆ 18 ಎಂಎಂ, ಬೆನ್ನಿಗೆ 6 ಎಂಎಂ ಸಾಮಾನ್ಯ ಲೆಕ್ಕ. ನೀರು ತಗುಲುವ ಅಡುಗೆಮನೆ ಕಡೆಗೆ ಐಎಸ್ 710 ಮುದ್ರೆ (ನೀರು ತಡೆಯುವ ಪ್ಲೈವುಡ್‌ನ ಭಾರತೀಯ ಮಾನಕ) ಇರುವುದು, ಒಣ ಕೋಣೆಗೆ ಐಎಸ್ 303 (ಸಾಮಾನ್ಯ ಬಳಕೆಯದು) ನಡೆಯುತ್ತದೆ.

ಬೆಂಗಳೂರಿನವರು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಒಮ್ಮೆ ಸುತ್ತಿ ಬನ್ನಿ. ನಾಗಸಂದ್ರ ಮೆಟ್ರೊ ಹತ್ತಿರ 2022ರಲ್ಲಿ ಶುರುವಾದ ಐಕಿಯಾದಲ್ಲಿ ಇಡೀ ಕೋಣೆಯನ್ನೇ ಜೋಡಿಸಿ ತೋರಿಸುತ್ತಾರೆ. ಕೊಳ್ಳದಿದ್ದರೂ ಟೇಪು ಹಿಡಿದು ನೋಡಿ ಬರಲು ಒಳ್ಳೆಯ ಜಾಗ. ಒಂದು ಎಚ್ಚರಿಕೆ: ಯಾವ ಶೋರೂಮಿನಲ್ಲೂ ಸೀಲಿಂಗ್ ಎತ್ತರ, ಸುತ್ತ ಜಾಗ ಜಾಸ್ತಿ. ಅಲ್ಲಿ ಪುಟ್ಟದಾಗಿ ಕಂಡ ಸೋಫಾ ನಮ್ಮ ಹಾಲಿನಲ್ಲಿ ಬೇರೆಯೇ ಆಗಿ ಕಾಣುತ್ತದೆ. ಕಣ್ಣನ್ನು ನಂಬಬೇಡಿ, ಟೇಪನ್ನು ನಂಬಿ.

ಮಂಗಳೂರು, ಮಲೆನಾಡಿನ ಕಡೆಗೆ ಇದೇ ಮಾತು ಸರಿಹೋಗುತ್ತದಾ?

ಅಳತೆ ಒಂದೇ, ಜೋಡಣೆ ಬೇರೆ. ಮಳೆಗಾಲದಲ್ಲಿ ಗೋಡೆಗೆ ಒತ್ತಿಟ್ಟ ಬೀರಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಎರಡು ಇಂಚು ಬಿಟ್ಟು ಇಡಿ. ಮುಚ್ಚಿದ ಬಾಕ್ಸ್ ಮಂಚಕ್ಕಿಂತ ಗಾಳಿಯಾಡುವ ಪಟ್ಟಿಗಳ ಮಂಚ, ಅದರ ಕೆಳಗೆ ಚಕ್ರದ ಡಬ್ಬಗಳು ವಾಸಿ. ಬಾಕ್ಸೇ ಇದ್ದರೆ ಬಿಸಿಲು ಬಂದ ದಿನ ಎತ್ತಿ ತೆರೆದಿಡಿ.

ವಾಸ್ತು ನೋಡಿದರೆ ಜಾಗ ಹೊಂದುವುದೇ ಇಲ್ಲ, ಏನು ಮಾಡಲಿ?

ಎಲ್ಲ ನಿಯಮವನ್ನೂ 10×10 ಕೋಣೆಯಲ್ಲಿ ಕೂರಿಸಲು ಆಗುವುದಿಲ್ಲ. ಮನೆಯವರ ಮನಸ್ಸಿಗೆ ಯಾವುದು ನಿಜವಾಗಿ ಮುಖ್ಯವೋ ಆ ಒಂದೆರಡನ್ನು ಹಿಡಿಯಿರಿ. ಹೆಚ್ಚಿನವರಿಗೆ ಅದು ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವುದು. ಅದನ್ನು ಮೊದಲು ಗುರುತು ಮಾಡಿ, ಉಳಿದದ್ದನ್ನು ಅದರ ಸುತ್ತ ಜೋಡಿಸಿ. ದೇವರ ಮನೆಗೆ ಕೋಣೆ ಇಲ್ಲದಿದ್ದರೆ ಗೋಡೆಗೆ ಮರದ ಮಂಟಪ ಹಾಕಬಹುದು. ದೀಪದ ಮೇಲೆ ನೇರವಾಗಿ ಕಪಾಟು ಬಾರದಂತೆ ನೋಡಿಕೊಳ್ಳಿ.

ಅಜ್ಜಿಯ ಕಾಲದ ಬೀರು ಇದೆ. ಕೊಡಲು ಮನಸ್ಸಿಲ್ಲ, ಇಡಲು ಜಾಗವಿಲ್ಲ.

ಕೊಡಬೇಡಿ. ಚಿಕ್ಕ ಮನೆಯಲ್ಲಿ ಒಂದು ದೊಡ್ಡ ವಸ್ತು ಇದ್ದರೆ ತೊಂದರೆಯಿಲ್ಲ. ಹತ್ತು ಪುಟ್ಟ ಪುಟ್ಟ ವಸ್ತು ಚೆಲ್ಲಾಡಿದರೆ ತೊಂದರೆ. ಆ ಬೀರು ಉಳಿಸಿಕೊಂಡು, ಅದರ ಕೆಲಸವನ್ನೇ ಮಾಡುವ ಪ್ಲಾಸ್ಟಿಕ್ ಡ್ರಾಯರ್, ಬಟ್ಟೆ ಸ್ಟ್ಯಾಂಡು, ಮೂಲೆ ರ‍್ಯಾಕು ಇವನ್ನು ಕಳಿಸಿ. ಬೀರನ್ನು ಬಾಗಿಲ ಎದುರಿಗೆ ಇಡದೆ ಬಾಗಿಲಿರುವ ಗೋಡೆಗೇ ಇಡಿ, ಒಳಗೆ ಬರುವಾಗ ಕಣ್ಣಿಗೆ ಅಡ್ಡ ಬರುವುದಿಲ್ಲ. ಗೋಡೆಯ ಬಣ್ಣವನ್ನೇ ಹೊಡೆಸಿದರೆ ಇನ್ನೂ ಹಗುರವಾಗಿ ಕಾಣುತ್ತದೆ. ಹಳೆಯ ಮರದ್ದಾದರೆ ಮಾತ್ರ ಬಣ್ಣ ಬೇಡ, ಪಾಲಿಷ್ ಮಾಡಿಸಿ.

ಹೊಸದಾಗಿ ಮನೆ ಮಾಡುತ್ತಿದ್ದೇವೆ. ಯಾವುದನ್ನು ಮೊದಲು ಕೊಳ್ಳಬೇಕು?

ಹಾಸಿಗೆ, ಬಟ್ಟೆ ಇಡುವ ಕಪಾಟು, ಎರಡು ಕುರ್ಚಿ. ಅಷ್ಟರಲ್ಲಿ ಒಂದು ತಿಂಗಳು ಇದ್ದು ನೋಡಿ. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ, ಕಾಫಿ ಕುಡಿಯಲು ಎಲ್ಲಿ ಕೂರುತ್ತೀರಿ, ಲ್ಯಾಪ್‌ಟಾಪ್ ಎಲ್ಲಿ ತೆರೆಯುತ್ತೀರಿ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಸೋಫಾ ಅಥವಾ ದಿವಾನ. ಟೇಬಲ್ ಕೊನೆಗೆ. ಗೃಹಪ್ರವೇಶಕ್ಕೆ ಮುಂಚೆ ಎಲ್ಲ ತುಂಬಿಸಬೇಕು ಅನ್ನುವ ಅವಸರ ಬೇಡ. ಅವತ್ತು ಬರುವ ಜನಕ್ಕೆ ಖಾಲಿ ಹಾಲೇ ಅನುಕೂಲ. ಉಡುಗೊರೆ ಕೊಡುತ್ತೇವೆ ಅನ್ನುವ ಅಣ್ಣ, ಅಕ್ಕ, ಅತ್ತೆ ಮಾವಂದಿರಿಗೆ ಫರ್ನಿಚರ್ ಬೇಡ, ಆ ದುಡ್ಡು ಕೊಡಿ, ನಾವೇ ಅಳತೆ ನೋಡಿ ತರುತ್ತೇವೆ ಅಂತ ಮೊದಲೇ ಹೇಳಿಬಿಡಿ.